ಒಬ್ಬರು ಕೂತರೆ ಎಲ್ಲರೂ ನಿಶ್ಚಿಂತೆ

ಸ್ಮರಣ ಸಂಚಿಕೆಗೆ ಎರಡು ಪುಟ ಬೇಕಂತೆ. "ನಾಲ್ಕು ಒಳ್ಳೆ ಮಾತು ಬರ್ಕೊಡಿ, ನಿಮ್ ಕನ್ನಡ ಚೆನ್ನಾಗಿದೆ" ಎಂದು ನಮ್ಮ ಕನ್ನಡ ಕೂಟದ ಕಾರ್ಯದರ್ಶಿ ಫೋನ್ ಮಾಡಿದ್ದರು. ನನ್ನ ಕನ್ನಡ ಚೆನ್ನಾಗಿದೆ, ಅದು ನಿಜ. ಒಳ್ಳೆಯ ಮಾತಿಗೆ ಮಾತ್ರ ನಾನು ಗ್ಯಾರಂಟಿ ಕೊಡಲಿಲ್ಲ. ಬರೆದು ಕಳಿಸುತ್ತೇನೆ, ಅಚ್ಚು ಮಾಡುವುದು ಬಿಡುವುದು ಅವರಿಗೆ ಸೇರಿದ್ದು.

ಅಂಕಲ್ ಹೋಗಿ ತಿಂಗಳಾಯಿತು. ಹಿತ್ತಲಲ್ಲಿ ಕರಿಬೇವಿನ ಗಿಡಗಳಿಗೆ ನೀರು ಬಿಡುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ, ಮತ್ತೆ ಏಳಲಿಲ್ಲ. ಅಂದಿನಿಂದ ನಮ್ಮ ಪರ್ತ್ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲಿ ಅವರದೇ ಪಾರಾಯಣ. ಮಾರ್ಗದರ್ಶಿ, ತಂದೆ ಸಮಾನ, ದೊಡ್ಡ ಆಲದ ಮರ. ಸತ್ತ ಎಮ್ಮೆ ದಿನಾ ಹಂಡೆ ತುಂಬ ಹಾಲು ಕರೆಯುತ್ತಿತ್ತು ಅನ್ನುತ್ತಾರಲ್ಲ, ಹಾಗೆ. ನಾನು ಆ ಎಮ್ಮೆಯಿಂದ ಒದೆ ತಿಂದವಳು. ಜೊತೆಗೆ ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ತಪ್ಪು ಹುಡುಕಿದ್ದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಅವರನ್ನು ಮೊದಲು ಕಂಡದ್ದು ಪರ್ತ್ ವಿಮಾನ ನಿಲ್ದಾಣದಲ್ಲಿ. ನಾವು ಬೆಂಗಳೂರಿನಿಂದ ಬಂದಿಳಿದ ದಿನ, ಯಾರದೋ ಪರಿಚಯದ ಎಳೆ ಹಿಡಿದು ಕರೆದೊಯ್ಯಲು ಬಂದಿದ್ದರು. ತಲೆಗೆ ಟೋಪಿ, ಸೊಂಟಕ್ಕೆ ಕಪ್ಪು ಪೌಚು, ಕೊರಳಲ್ಲಿ ಕೆಂಪು ದಾರಕ್ಕೆ ಕಟ್ಟಿದ ಸೀಟಿ. ಪಿಟಿ ಮೇಷ್ಟ್ರ ಕೈಯಲ್ಲಿರುತ್ತದಲ್ಲ, ಅಂಥ ಸೀಟಿ. ನಮ್ಮನ್ನು ಕಂಡವರೇ ಬೆರಳು ಚಾಚಿ ನನ್ನ ತಲೆ, ನನ್ನ ಗಂಡ ರಘುವಿನ ತಲೆ, ಮಗಳ ತಲೆ, ಆಮೇಲೆ ಸೂಟ್‌ಕೇಸುಗಳ ತಲೆ ಎಣಿಸಿದರು. ಕಾರಿನಲ್ಲಿ ಬಿಸಿ ಬಿಸಿ ಅನ್ನ ಸಾರಿನ ಡಬ್ಬಿ ಇತ್ತು. ಅದನ್ನು ತಿನ್ನುತ್ತಾ ಬರುವಷ್ಟರಲ್ಲಿ ನಮ್ಮ ಬದುಕು ನಿರ್ಧಾರವಾಗಿ ಹೋಗಿತ್ತು. ಮನೆ ಹ್ಯಾರಿಸ್‌ಡೇಲಿನಲ್ಲಿ, ಮಗಳು ಇಂಥ ಶಾಲೆಗೆ, ಕಾರು ಇಂಥದ್ದು, ಬಣ್ಣ ಬಿಳಿ.

"ಬಿಳಿ ಯಾಕೆ ಅಂಕಲ್?" ಎಂದೆ.

"ನೋಡಮ್ಮ, ನಾನ್ ಹೇಳ್ತಿದೀನಲ್ಲ. ಅಡಿಲೇಡಲ್ಲಿ ನಾವು ಎಲ್ಲರಿಗೂ ಬಿಳೀದೇ ಕೊಡ್ಸಿದ್ವಿ."

ಈ ಅಡಿಲೇಡ್ ಅವರ ರಾಮರಾಜ್ಯ. ಪರ್ತಿಗೆ ಬರುವ ಮೊದಲು ಅಲ್ಲಿದ್ದರು. ಅಡಿಲೇಡಿನಲ್ಲಿ ಎಲ್ಲರೂ ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ಹೆಂಗಸರು ಎದುರು ಮಾತಾಡುತ್ತಿರಲಿಲ್ಲ, ಮಕ್ಕಳು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದವು. ಅಷ್ಟು ಚೆನ್ನಾಗಿದ್ದರೆ ಯಾಕೆ ಬಿಟ್ಟು ಬಂದಿರಿ ಎಂದು ಒಂದು ಸಲ ಕೇಳಿಯೇಬಿಟ್ಟೆ. ಆವತ್ತು ರಘು ಮೇಜಿನ ಕೆಳಗೆ ನನ್ನ ಕಾಲು ತುಳಿದ.

ವೆಲ್ಷ್‌ಪೂಲಿನ ಒಂದು ದೊಡ್ಡ ಗೋದಾಮಿನಲ್ಲಿ ಅವರು ಮ್ಯಾನೇಜರು. ಗಣಿಗಳಿಗೆ ಹೋಗುವ ಯಂತ್ರದ ಭಾಗಗಳಲ್ಲಿ ಯಾವ ಪೆಟ್ಟಿಗೆ ಎಲ್ಲಿಡಬೇಕು, ಯಾವುದು ಮೊದಲು ಲಾರಿ ಹತ್ತಬೇಕು, ಯಾವುದು ಮೂಲೆಯಲ್ಲಿ ಕಾಯಬೇಕು ಎಂದು ನಿರ್ಧರಿಸುವ ಕೆಲಸ. ಸಂಜೆ ಗೋದಾಮಿಗೆ ಬೀಗ ಹಾಕಿ ಬಂದ ಮೇಲೂ ಅದೇ ಕೆಲಸ ಮುಂದುವರಿಯುತ್ತಿತ್ತು, ಪೆಟ್ಟಿಗೆಗಳ ಬದಲು ನಾವು. ನಮ್ಮ ಮನೆಗೆ ಬಂದರೆ ಸೋಫಾ ಈ ಗೋಡೆಗೆ ಬೇಡ, ಆ ಗೋಡೆಗೆ ಹಾಕಿ ಅನ್ನುತ್ತಿದ್ದರು. ಮೊದಲ ಸಲ ಹಾಕಿದೆ. ಎರಡನೇ ಸಲ ಬಂದಾಗ ಅದನ್ನು ವಾಪಸ್ ಮೊದಲಿನ ಜಾಗಕ್ಕೆ ಎಳೆದಿಟ್ಟಿದ್ದೆ. ನೋಡಿದರು. ಕಾಫಿ ಕುಡಿದು ಹೊರಡುವಾಗ ರಘುವಿನ ಕೈಲಿ ಮತ್ತೆ ಎಳೆಸಿ ಹೋದರು.

ಕರಿಬೇವು ಅವರ ಇನ್ನೊಂದು ಸಾಮ್ರಾಜ್ಯ. ಪರ್ತಿನ ಬಿಸಿಲಿಗೆ ಆಳೆತ್ತರ ಬೆಳೆದ ಗಿಡಗಳು ಅವರ ಹಿತ್ತಲಲ್ಲಿ. ಯಾರು ಕೇಳಿದರೂ ಕವರು ತುಂಬ ಎಲೆ ಕೊಡುತ್ತಿದ್ದರು, ಸಸಿ ಮಾತ್ರ ಯಾರಿಗೂ ಕೊಡಲಿಲ್ಲ. "ನಿಮ್ ಕೈಲಿ ಉಳಿಯಲ್ಲಮ್ಮ, ಬೇಕಾದಾಗ ಬಂದು ತಗೊಂಡೋಗಿ" ಅನ್ನುತ್ತಿದ್ದರು. ನಾವು ಒಗ್ಗರಣೆ ಹಾಕಿದಾಗಲೆಲ್ಲ ಅವರನ್ನು ನೆನೆಯಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಹೋದ ವಾರ ಆಂಟಿ, ಅಂದರೆ ಅವರ ಹೆಂಡತಿ, ಬುಡದಲ್ಲಿ ಎದ್ದಿದ್ದ ಮರಿಗಳನ್ನೆಲ್ಲ ಅಗೆದು ಮೊಸರಿನ ಡಬ್ಬಿಗಳಲ್ಲಿ ನೆಟ್ಟು ಮನೆಮನೆಗೆ ಕೊಟ್ಟು ಹೋದರು. ನನ್ನದು ಚಿಗುರಿದೆ.

ಒಳ್ಳೆಯದು ಮಾಡಲಿಲ್ಲವೇ ಎಂದರೆ, ಮಾಡಿದರು. ಪಾರ್ಕಿನ ಬಾರ್ಬಿಗಳಲ್ಲಿ, ಅಂದರೆ ಎಲ್ಲರೂ ಬಳಸುವ ಬಾರ್ಬೆಕ್ಯೂ ಒಲೆಗಳಲ್ಲಿ, ಬೆಳಗ್ಗೆ ಯಾರ್ಯಾರೋ ಏನೇನೋ ಸುಟ್ಟಿರುತ್ತಾರೆ ಎಂದು, ನಮ್ಮವರು ತಿನ್ನುವ ಮೊದಲು ಆ ಒಲೆಯ ಹಂಚನ್ನು ನಿಂಬೆಹಣ್ಣು ಹಚ್ಚಿ ತಿಕ್ಕಿ, ಎರಡು ಪದರ ಫಾಯಿಲ್ ಹಾಸಿ ಕೊಡುತ್ತಿದ್ದವರು ಅವರೇ. ರಘುವಿಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ಮಗಳನ್ನು ಶಾಲೆಯಿಂದ ಕರೆತಂದದ್ದು ಅವರು, ದಿನಾ ಸಾರು ತಂದದ್ದು ಆಂಟಿ. ನಾನು ಮರೆತಿಲ್ಲ, ಮರೆಯಲು ಅವರು ಬಿಡುತ್ತಲೂ ಇರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಇದೆ. ಇವರು ಉಪಕಾರ ಮಾಡಿದ ಮನೆಗೂ ಮಾರಿಯಾಗುತ್ತಿದ್ದರು.

ಇನ್ನು ಬ್ಯಾಗಿನ ವಿಷಯ. ಬ್ಯಾಗ್ ಕಾಯುವುದು ನಮ್ಮ ಜನರ ರಕ್ತದಲ್ಲೇ ಇದೆ. ರೈಲ್ವೆ ಸ್ಟೇಷನ್ನಾಗಲಿ, ದೇವಸ್ಥಾನದ ಬಾಗಿಲಾಗಲಿ, ಒಬ್ಬರು ಸಾಮಾನಿನ ಹತ್ತಿರ ಕೂರಬೇಕು, ಮಿಕ್ಕವರು ಹೋಗಿ ಬರಬೇಕು. ಪರ್ತಿಗೆ ಬಂದರೂ ಅದು ಬಿಡಲಿಲ್ಲ. ಇಲ್ಲಿ ಪಾರ್ಕಿನ ಹುಲ್ಲಿನ ಮೇಲೆ ಪರ್ಸು ಮರೆತು ಹೋದರೂ ಸಂಜೆ ಬಂದು ತೆಗೆದುಕೊಳ್ಳಬಹುದು, ಆದರೂ ನಮ್ಮ ಪುಳಿಯೋಗರೆ ಡಬ್ಬಿಗೆ ಕಾವಲು ಬೇಕು. ಅಂಕಲ್ ಇದನ್ನು ಒಂದು ಶಾಸ್ತ್ರವನ್ನಾಗಿ ಮಾಡಿದ್ದರು. ಪಿಕ್‌ನಿಕ್ಕಿಗೆ ಇಳಿದ ತಕ್ಷಣ ಸೀಟಿ, ತಲೆ ಎಣಿಕೆ, ಬ್ಯಾಗುಗಳ ರಾಶಿ. ಆಮೇಲೆ ಅವರ ಮಂತ್ರ: "ಒಬ್ಬರು ಕೂತ್ರೆ ಎಲ್ಲರೂ ನಿಶ್ಚಿಂತೆ."

ಆ ಒಬ್ಬರು ಯಾವಾಗಲೂ ಆಂಟಿ. ರಾಟ್‌ನೆಸ್ಟ್ ದ್ವೀಪಕ್ಕೆ ಹೋದಾಗ ನಾವೆಲ್ಲ ಕ್ವಾಕಾ ಎಂಬ ಬೆಕ್ಕಿನ ಗಾತ್ರದ ನಗುಮೊಗದ ಪ್ರಾಣಿ ಹುಡುಕಿಕೊಂಡು ದ್ವೀಪ ಸುತ್ತಿ, ಒಂದೂ ಸಿಗದೆ ಬೆವರು ಸುರಿಸಿಕೊಂಡು ವಾಪಸ್ ಬಂದೆವು. ಆಂಟಿ ಜೆಟ್ಟಿಯ ಹತ್ತಿರದ ಬೆಂಚಿನಲ್ಲಿ ಹಾಗೇ ಕೂತಿದ್ದರು. "ಒಂದು ಬಂದಿತ್ತು, ಕೋಡುಬಳೆ ಕವರು ಮೂಸಿ ಹೋಯ್ತು" ಅಂದರು. ಅಂಕಲ್ ನಂಬಲಿಲ್ಲ.

ಆಗಿನ್ನೂ ನನಗೆ ಇದೆಲ್ಲ ತಮಾಷೆ. ತಮಾಷೆ ನಿಂತದ್ದು ಚೀನಾದಲ್ಲಿ.

ನನ್ನ ಅತ್ತೆ ಆ ವರ್ಷ ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದರು. ಅದು ಬೇಕು ಇದು ಬೇಕು ಎಂದು ಬಾಯಿಬಿಟ್ಟು ಕೇಳಿದವರಲ್ಲ. ಕಾಫಿಗೆ ಸಕ್ಕರೆ ಕಮ್ಮಿಯಾದರೂ ಹಾಗೇ ಕುಡಿಯುವ ಜಾತಿ. ನಮ್ಮ ಗುಂಪು ಏಪ್ರಿಲ್ ರಜೆಗೆ ಬೀಜಿಂಗಿಗೆ ಹೊರಟಿದೆ, ಮಹಾಗೋಡೆ ನೋಡಿ ಬರುತ್ತೇವೆ ಎಂದಾಗ ಮಾತ್ರ ಅವರು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದರು.

"ಆ ಗೋಡೆಯಾ? ನಮ್ ಅಡಿಗೆಮನೇಲಿ ಇರೋದಾ?"

ಮೈಸೂರಿನ ಅವರ ಅಡಿಗೆಮನೆಯಲ್ಲಿ ಒಲೆಯ ಎದುರಿನ ಗೋಡೆ ಬಿರುಕು ಬಿಟ್ಟಿತ್ತು. ಅದನ್ನು ಮುಚ್ಚಲು ಯಾವುದೋ ಅಂಗಡಿಯವರು ಕೊಟ್ಟ ಕ್ಯಾಲೆಂಡರು ನೇತುಹಾಕಿದ್ದರು, ಚೀನಾದ ಗೋಡೆಯ ಚಿತ್ರದ್ದು. ತಾರೀಖಿನ ಹಾಳೆಗಳು ಮುಗಿದು ಎಷ್ಟೋ ವರ್ಷವಾದರೂ ಚಿತ್ರ ಹಾಗೇ ಇತ್ತು. ಒಗ್ಗರಣೆ ಹೊಗೆಗೆ ಹಳದಿಯಾಗಿತ್ತು. ಒಲೆಯ ಮುಂದೆ ನಿಂತಷ್ಟೂ ಹೊತ್ತು ಕಣ್ಣೆದುರಿಗೆ ಅದೇ.

"ಒಂದ್ಸಲ ಅದರ್ ಮೇಲೆ ಕಾಲಿಡ್ಬೇಕು ಕಣೇ. ಅಷ್ಟೇ. ಏನ್ ಹತ್ತೋದು ಬೇಡ, ಓಡೋದು ಬೇಡ" ಅಂದರು.

ಅವರಿಗೂ ಟಿಕೆಟ್ ಮಾಡಿಸಿದೆವು. ಅಂದಿನಿಂದ ದಿನಾ ಬೆಳಗ್ಗೆ ಸೀರೆಯ ಮೇಲೆ ರಘುವಿನ ಜಾಕೆಟ್ ಹಾಕಿಕೊಂಡು, ನಾನು ತಂದುಕೊಟ್ಟ ಶೂ ತೊಟ್ಟು, ಹ್ಯಾರಿಸ್‌ಡೇಲಿನ ಪಾರ್ಕಿನಲ್ಲಿರುವ ಪುಟ್ಟ ದಿಬ್ಬವನ್ನು ಹತ್ತಿ ಇಳಿದು ಅಭ್ಯಾಸ ಮಾಡಿದರು. ನಾಯಿ ಕರೆತರುವ ಮುದುಕರೆಲ್ಲ ಅವರಿಗೆ ಪರಿಚಯವಾದರು. ಸಂಜೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, "ಇವತ್ತು ನಿಲ್ದೆ ಹತ್ತಿದೆ" ಎಂದು ನನಗೆ ವರದಿ.

ಬೀಜಿಂಗಿನ ಹೋಟೆಲಿಗೆ ಸೇರಿದ ಕೂಡಲೇ ಅಂಕಲ್ ಎಲ್ಲರ ಪಾಸ್‌ಪೋರ್ಟ್ ವಸೂಲಿ ಮಾಡಿ ಸೊಂಟದ ಪೌಚಿಗೆ ತುಂಬಿಕೊಂಡರು. "ಒಂದೇ ಕಡೆ ಇದ್ರೆ ಸೇಫು. ಗೋಡೆ ಟಿಕೆಟ್ಟು ನಾನೇ ಬುಕ್ ಮಾಡ್ತೀನಿ" ಅಂದರು. ಕೊಟ್ಟೆವು. ಅವರಿಗೆ ಕೊಡದೆ ಇರುವುದು ಎಂಬುದೊಂದಿದೆ ಎಂದೇ ನಮ್ಮ ಗುಂಪಿನಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ.

ಮಾರನೇ ದಿನ ಬಾಡಿಗೆ ಬಸ್ಸಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಗೆ ಹಣೆ ಒತ್ತಿ ಕೂತಿದ್ದರು. ದೂರದ ಬೆಟ್ಟದ ಮೇಲೆ ಒಂದು ಗೆರೆ ಕಂಡರೆ ಸಾಕು, "ಅದೇನಾ? ಅದೇನಾ?" ಬೆಟ್ಟದ ಬುಡದಲ್ಲಿ ಬಸ್ಸು ನಿಂತಿತು. ಅಂಕಲ್ ಸೀಟಿ ಊದಿದರು.

"ಬ್ಯಾಗ್ ಎಲ್ಲಾ ಇಳ್ಸಿ! ಇಳಿದು ಬಂದ ತಕ್ಷಣ ಇಲ್ಲೇ ಊಟ."

ಚಪಾತಿ, ಚಟ್ನಿಪುಡಿ, ಪುಳಿಯೋಗರೆ, ಕೋಡುಬಳೆ, ಪರ್ತಿನಿಂದ ಹೊತ್ತು ತಂದಿದ್ದ ರೈಸ್ ಕುಕ್ಕರ್, ಎಲ್ಲ ಇಳಿದವು. ಒಂದು ಬೆಂಚಿನ ಸುತ್ತ ರಾಶಿ ಬಿತ್ತು. ಅಂಕಲ್ ಬೆರಳು ಚಾಚಿ ತಲೆ ಎಣಿಸುತ್ತಾ ಬಂದು ಅತ್ತೆಯ ಮುಂದೆ ನಿಂತರು.

"ಅಮ್ಮಾ, ನೀವು ಇಲ್ಲೇ ಆರಾಮಾಗಿ ಕೂತ್ಕೊಂಡು ಬ್ಯಾಗ್ ನೋಡ್ಕೊಳ್ಳಿ. ಮೇಲೆ ಮೆಟ್ಟಿಲು ಸಿಕ್ಕಾಪಟ್ಟೆ. ನಿಮ್ ಮಂಡಿಗೆ ಆಗಲ್ಲ."

ಅತ್ತೆ ನನ್ನ ಮುಖ ನೋಡಿದರು.

"ಅಂಕಲ್, ಕೇಬಲ್ ಕಾರ್ ಇದೆಯಲ್ಲ. ನಾನ್ ಕೈ ಹಿಡ್ಕೊಂಡು ಕರ್ಕೊಂಡ್ ಹೋಗ್ತೀನಿ" ಎಂದೆ.

"ನೋಡಮ್ಮ, ಸೆಂಟಿಮೆಂಟ್ ಬೇಡ. ಗ್ರೂಪಲ್ಲಿ ಬಂದ್ಮೇಲೆ ಗ್ರೂಪ್ ನೋಡ್ಬೇಕು. ಒಬ್ಬರು ಕೂತ್ರೆ ಎಲ್ಲರೂ ನಿಶ್ಚಿಂತೆ."

"ಯಾವಾಗ್ಲೂ ಆಂಟಿ ಕೂರ್ತಾರಲ್ಲ?"

"ಇವತ್ತು ಅವಳು ಫೋಟೋ ತೆಗೀಬೇಕು."

"ಹಾಗಾದ್ರೆ ನಾನ್ ಕೂರ್ತೀನಿ. ಅತ್ತೆ ಹೋಗ್ಲಿ."

"ಅದೆಂಗಾಗತ್ತೆ? ಟಿಕೆಟ್ಟು ಪಾಸ್‌ಪೋರ್ಟ್ ನಂಬರ್ ಮೇಲೆ. ನಿನ್ನದು ನಿನ್ ಹೆಸರಲ್ಲಿದೆ. ಅಮ್ಮಂಗೆ ತಗೊಂಡೇ ಇಲ್ಲ."

ನನ್ನ ಮೈ ಉರಿದುಹೋಯಿತು. ಈ ಮನುಷ್ಯ ನಿನ್ನೆಯೇ, ಹೋಟೆಲಿನಲ್ಲಿ ಕೂತು, ಒಂದು ಮಾತೂ ಕೇಳದೆ, ನಮ್ಮ ಅತ್ತೆಯನ್ನು ಮೂಲೆಗಿಡುವ ಪೆಟ್ಟಿಗೆಗಳ ಸಾಲಿಗೆ ಸೇರಿಸಿಬಿಟ್ಟಿದ್ದರು. ಇಡೀ ದಾರಿ ಅತ್ತೆ ಕಿಟಕಿಗೆ ಹಣೆ ಒತ್ತಿಕೊಂಡು ಬಂದದ್ದನ್ನು ಹಿಂದಿನ ಸೀಟಿನಿಂದ ನೋಡುತ್ತಲೇ ಬಂದಿದ್ದರು. ನಾನು ಗಂಡನ ಕಡೆ ತಿರುಗಿದೆ. ನಮ್ಮ ರಘು ಅಂಕಲ್ ಮುಂದೆ ಕೋಲೆಬಸವ.

"ಬಿಡೇ, ಅಂಕಲ್ ಹೇಳೋದೂ ಸರಿ ಇದೆ. ಅಮ್ಮನ ಮಂಡಿ..." ಎಂದ.

"ಜಗಳ ಬೇಡ ಕಣೇ. ಹೋಗ್ಬಿಟ್ಟು ಬನ್ನಿ ಎಲ್ಲಾರೂ. ನಾನ್ ಇಲ್ಲೇ ಇರ್ತೀನಿ" ಎಂದು ಅತ್ತೆ ಕೂತೇಬಿಟ್ಟರು. ಕುಕ್ಕರನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಬ್ಯಾಗುಗಳ ಪಟ್ಟಿಗಳನ್ನೆಲ್ಲ ಒಟ್ಟುಮಾಡಿ ಮಣಿಕಟ್ಟಿಗೆ ಸುತ್ತಿಕೊಂಡರು.

ಗೋಡೆ ಚೆನ್ನಾಗಿತ್ತು. ಹಾಳಾದ್ದು, ಬಹಳ ಚೆನ್ನಾಗಿತ್ತು. ಬೆಟ್ಟದ ಬೆನ್ನಿನ ಮೇಲೆ ಬೆಟ್ಟ, ಅದರ ಮೇಲೆಲ್ಲ ಆ ಗೋಡೆ ಏರಿ ಇಳಿದು, ಕಾವಲು ಗೋಪುರಗಳನ್ನು ಹೊತ್ತುಕೊಂಡು, ಕಣ್ಣು ಸೋಲುವವರೆಗೆ ಹೋಗುತ್ತಿತ್ತು. ಇಳಿಜಾರಿನಲ್ಲಿ ಏಪ್ರಿಕಾಟ್ ಹೂ ಬಿಟ್ಟಿತ್ತು. ನನ್ನ ಕಣ್ಣಿಗೆ ಚುಚ್ಚಿದ್ದು ಮಾತ್ರ ಬೇರೆ. ಕೇಬಲ್ ಕಾರ್ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಗೋಡೆಯ ಮೇಲೇ ನಿಂತಿರುತ್ತೀರಿ. ಅಲ್ಲಿ ಚಪ್ಪಟೆ ಕಲ್ಲುಹಾಸು. ನಮ್ಮ ಅತ್ತೆಗಿಂತ ವಯಸ್ಸಾದ ಚೀನೀ ಅಜ್ಜಿಯೊಬ್ಬಳು ಅಲ್ಲೇ ಕೋಲೂರಿ ನಿಂತು ಸೇಬು ತಿನ್ನುತ್ತಿದ್ದಳು. ಮೇಲೆ ಹತ್ತಬೇಕೆಂದವರು ಹತ್ತಬಹುದು, ಬೇಡವಾದವರು ಅಲ್ಲೇ ನಿಲ್ಲಬಹುದು. ಅತ್ತೆ ಕೇಳಿದ್ದು ಅಷ್ಟೇ ಅಲ್ಲವೇ?

ಅಂಕಲ್ ಗೋಪುರದ ಕಿಂಡಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ಪೋಸು ಕೊಡುತ್ತಿದ್ದರು. ಆಂಟಿ ಫೋಟೋ ತೆಗೆಯುತ್ತಿದ್ದರು. ಆಂಟಿಯ ಬೆನ್ನು ಕಣಿವೆಯ ಕಡೆಗಿತ್ತು, ಗೋಡೆಯಷ್ಟನ್ನೂ ನೋಡಿದರೋ ಇಲ್ಲವೋ ದೇವರೇ ಬಲ್ಲ.

ನಾನು ಯಾರಿಗೂ ಹೇಳದೆ ಮುಂದಿನ ಕೇಬಲ್ ಕಾರಿನಲ್ಲಿ ಕೆಳಗೆ ಬಂದೆ. ಅತ್ತೆ ಬಿಟ್ಟಲ್ಲೇ ಇದ್ದರು. ಕುಕ್ಕರು ತೊಡೆಯ ಮೇಲೇ ಇತ್ತು.

"ಇಷ್ಟ್ ಬೇಗ ಬಂದ್ಬಿಟ್ಟೆ? ನೋಡು, ಆ ಅಂಗಡಿಯವಳು ಅದೇನೋ ಹುರಿದ ಕಾಯಿ ಕೊಟ್ಳು. ನಾನೂ ಕೋಡುಬಳೆ ಕೊಟ್ಟೆ."

"ಏಳಿ ಅತ್ತೆ. ಟಿಕೆಟ್ ತಗೊಂಡ್ ಹೋಗೋಣ."

"ಬ್ಯಾಗು?"

"ಬೆಂಕಿ ಬೀಳ್ಲಿ ಬ್ಯಾಗಿಗೆ."

ಎದ್ದರು. ಕುಕ್ಕರು ಮಾತ್ರ ಬಿಡಲಿಲ್ಲ, ಅದನ್ನು ಎದೆಗವಚಿಕೊಂಡೇ ಬಂದರು. ಹೆಜ್ಜೆಗೊಂದು ಸಲ ಹಿಂತಿರುಗಿ ಬ್ಯಾಗುಗಳನ್ನು ನೋಡುತ್ತಿದ್ದರು. ಟಿಕೆಟ್ ಕೌಂಟರಿನ ಹುಡುಗಿ ಗಾಜಿನಾಚೆಯಿಂದ ಒಂದೇ ಮಾತು ಹೇಳಿದಳು: ಪಾಸ್‌ಪೋರ್ಟ್. ಅತ್ತೆಯ ಪಾಸ್‌ಪೋರ್ಟ್ ಎಲ್ಲಿ? ಮೇಲೆ, ಕಾವಲು ಗೋಪುರದಲ್ಲಿ, ಅಂಕಲ್ ಸೊಂಟದಲ್ಲಿ.

ಫೋನ್ ಮಾಡಿದೆ. "ನೋಡಮ್ಮ, ಎಲ್ಲಾ ಮುಂದಿನ ಟವರ್‌ಗೆ ಹೊರಟಿದೀವಿ, ಗ್ರೂಪ್ ಫೋಟೋ ಇದೆ. ಒಂದರ್ಧ ಗಂಟೆ, ಬಂದ್ಬಿಡ್ತೀವಿ" ಎಂದು ಇಟ್ಟರು. ಮತ್ತೆ ಮಾಡಿದೆ, ಎತ್ತಲಿಲ್ಲ. ರಘುವಿಗೆ ಮಾಡಿದೆ, ಸಿಗ್ನಲ್ ಇರಲಿಲ್ಲ. ಅರ್ಧ ಗಂಟೆ ಹೋಯಿತು, ಇನ್ನರ್ಧವೂ ಹೋಯಿತು. ಅವರು ಸೀಟಿ ಊದುತ್ತಾ ಇಳಿದು ಬರುವ ಹೊತ್ತಿಗೆ ಆ ದಿನದ ಟಿಕೆಟ್ ಮುಗಿದವೆಂದು ಕೌಂಟರಿನ ಹುಡುಗಿ ಪರದೆ ಎಳೆದು ಹೋಗಿಯಾಗಿತ್ತು.

ಅಷ್ಟು ಹೊತ್ತೂ ನಾನು ಅತ್ತೆಯ ಪಕ್ಕದಲ್ಲಿ ಆ ಬೆಂಚಿನ ಮೇಲೆ ಕೂತಿದ್ದೆ. ಅಲ್ಲಿಂದ ಏನು ಕಾಣುತ್ತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತು. ಬಲಕ್ಕೆ ಟೀಶರ್ಟ್ ಮಾರುವ ಅಂಗಡಿ, ಅದರ ತಗಡಿನ ಮಾಡು, ಅದರ ಹಿಂದೆ ಮರಗಳು. ಎದುರಿಗೆ ಬಸ್ಸುಗಳ ಸಾಲು. ಮೊದಲನೆಯದೇ ನಮ್ಮದು, ಡ್ರೈವರ್ ಮುಖಕ್ಕೆ ಟೋಪಿ ಮುಚ್ಚಿಕೊಂಡು ನಿದ್ದೆ ಹೊಡೆಯುತ್ತಿದ್ದ. ಗೋಡೆ ಇಲ್ಲ. ಎತ್ತ ಕತ್ತು ಚಾಚಿದರೂ ಗೋಡೆಯ ಒಂದು ಕಲ್ಲೂ ಕಾಣುತ್ತಿರಲಿಲ್ಲ.

"ಏನಮ್ಮಾ, ಬೋರಾಯ್ತಾ?" ಎನ್ನುತ್ತಾ ಅಂಕಲ್ ಬಂದರು.

"ಇಲ್ಲಪ್ಪ. ಇಲ್ಲಿಂದ್ಲೇ ಚೆನ್ನಾಗ್ ಕಾಣ್ಸ್ತು" ಎಂದರು ಅತ್ತೆ.

"ನಾನ್ ಹೇಳ್ಲಿಲ್ವಾ!"

"ಅಂಕಲ್, ನೀವೇ ಒಂದ್ ನಿಮಿಷ ಇಲ್ಲಿ ಕೂತ್ಕೊಳ್ಳಿ. ಏನ್ ಕಾಣ್ಸತ್ತೆ ಹೇಳಿ ನೋಡೋಣ" ಎಂದೆ. ನನ್ನ ದನಿ ಏರಿತ್ತು. ಎಲ್ಲರೂ ತಿರುಗಿ ನೋಡಿದರು.

ಅವರು ನಕ್ಕರು. "ಇವಳಿಗೆ ಹಸಿವಾಗಿದೆ. ಮೊದಲು ಇವಳಿಗೆ ತಟ್ಟೆ ಕೊಡಿ" ಎಂದರು. ಎಲ್ಲರೂ ನಕ್ಕರು. ರಘುವೂ ನಕ್ಕ. ನಾನು ಆವತ್ತು ಊಟ ಮಾಡಲಿಲ್ಲ. ಅತ್ತೆ ಎದ್ದು ಎಲ್ಲರಿಗೂ ಬಡಿಸಿದರು.

ಮೇಲಿನಿಂದ ಬರುವಾಗ ಅಂಕಲ್ ಅತ್ತೆಗೆಂದು ಗೋಡೆಯ ಚಿತ್ರವಿರುವ ಫ್ರಿಜ್ ಮ್ಯಾಗ್ನೆಟ್ ತಂದಿದ್ದರು. ಎಷ್ಟು ದೊಡ್ಡ ಮನಸ್ಸು ನೋಡಿ. ಪರ್ತಿಗೆ ಬಂದ ಮೇಲೆ ಅತ್ತೆ ಅದನ್ನು ನಮ್ಮ ಫ್ರಿಜ್ಜಿಗೆ ಅಂಟಿಸಿದರು. ನಾನು ಒಂದು ದಿನ ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಸಂಜೆ ನೋಡಿದರೆ ತೊಳೆದು ಒರೆಸಿ ಅದೇ ಜಾಗದಲ್ಲಿತ್ತು.

ಆಮೇಲೆ ಅದು ಅಂಕಲ್ ಬಾಯಲ್ಲಿ ಕಥೆಯಾಯಿತು. ಯುಗಾದಿ ಇರಲಿ, ರಾಜ್ಯೋತ್ಸವ ಇರಲಿ, ಹೊಸದಾಗಿ ಯಾರಾದರೂ ಬಂದಿದ್ದರೆ ಸಾಕು. "ನಾವೆಲ್ಲ ಹತ್ತಿ ಹತ್ತಿ ಸತ್ವಿ. ಇವರತ್ತೆ ಬುದ್ಧಿವಂತರು, ಕೆಳಗಿಂದ್ಲೇ ಚೆನ್ನಾಗ್ ಕಾಣ್ಸ್ತು ಅಂದ್ಬಿಟ್ರು!" ಪ್ರತಿ ಸಲವೂ ನಾನು, "ಏನೂ ಕಾಣ್ತಿರ್ಲಿಲ್ಲ ಅಂಕಲ್" ಅನ್ನುತ್ತಿದ್ದೆ. ಪ್ರತಿ ಸಲವೂ ಅವರು, "ನಿನಗೇನು ಗೊತ್ತು, ಅವರೇ ಹೇಳಿದ್ದು" ಅನ್ನುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮರುವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಈಗ ಬ್ರಿಸ್ಬೇನಿನ ಹತ್ತಿರ ಸ್ಪ್ರಿಂಗ್‌ಫೀಲ್ಡ್ ಲೇಕ್ಸಿನಲ್ಲಿ ನನ್ನ ಮೈದುನ ಇದ್ದಾನೆ, ಅವನ ಮನೆಯಲ್ಲಿದ್ದಾರೆ. ವಾಕರ್ ಹಿಡಿದು ಕೋಣೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಕೋಣೆಗೆ. ಇನ್ನು ಅವರು ಯಾವ ಗೋಡೆಯ ಮೇಲೂ ಕಾಲಿಡುವುದಿಲ್ಲ. ಹೋಗುವಾಗ ಆ ಮ್ಯಾಗ್ನೆಟ್ಟನ್ನು ಕಿತ್ತುಕೊಂಡು ಹೋದರು.

ಅಂಕಲ್ ಅಂತ್ಯಕ್ರಿಯೆಗೆ ಪರ್ತಿನ ಕನ್ನಡಿಗರೆಲ್ಲ ಸೇರಿದ್ದೆವು. ನಾನೂ ಹೋದೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಎಲ್ಲರೂ ಅಡಿಗೆ ಮಾಡಿ ತಂದಿದ್ದರು, ಮುಗಿದ ಮೇಲೆ ನೇರ ಆಂಟಿಯ ಮನೆಗೆ ಒಯ್ಯಲು. ಚಿತಾಗಾರದ ಹಾಲಿನ ಮುಂದೆ ಬ್ಯಾಗುಗಳ ರಾಶಿಯೇ ಬಿದ್ದಿತ್ತು. ಒಳಗೆ ಕರೆಯುವ ಹೊತ್ತಾಯಿತು. ಯಾರೋ ಅಭ್ಯಾಸಬಲದಿಂದ, "ಬ್ಯಾಗ್ ಹತ್ರ ಯಾರು ಕೂರ್ತೀರಾ?" ಎಂದರು. ಅತ್ತ ಇತ್ತ ನೋಡಿದರು. ನಿಜ ಹೇಳುತ್ತೇನೆ, ಒಂದಿಬ್ಬರ ಕಣ್ಣು ಆಂಟಿಯ ಮೇಲೂ ಹೋಯಿತು.

ಆಂಟಿ ಬಾಗಿಲಲ್ಲಿ ನಿಂತಿದ್ದರು. ಅಳು ಇರಲಿಲ್ಲ. "ಯಾರೂ ಬೇಡ. ಕಾರಲ್ಲಿಟ್ಟು ಲಾಕ್ ಮಾಡ್ಕೊಂಡ್ ಬನ್ನಿ" ಅಂದರು. ಇಷ್ಟು ವರ್ಷದಲ್ಲಿ ಆ ಹೆಂಗಸು ಹತ್ತು ಜನರಿಗೆ ಒಂದು ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇಟ್ಟೆವು, ಲಾಕ್ ಮಾಡಿದೆವು, ಒಳಗೆ ಹೋದೆವು. ಅಡಿಲೇಡಿನಿಂದ ಬಂದಿದ್ದ ಹಿರಿಯರೊಬ್ಬರು ಮೈಕಿನ ಮುಂದೆ ನಿಂತು ಗದ್ಗದ ಕಂಠದಿಂದ, "ಒಬ್ಬರು ಕೂತರೆ ಎಲ್ಲರೂ ನಿಶ್ಚಿಂತೆ ಅಂತಿದ್ರು ನಮ್ಮಣ್ಣ. ಎಂಥಾ ತ್ಯಾಗದ ಮಾತು!" ಎಂದರು. ಜನ ಕಣ್ಣೊರೆಸಿಕೊಂಡರು. ಅಣ್ಣ ಎಂದಾದರೂ ಕೂತಿದ್ದರೇ ಎಂದು ಕೇಳಬೇಕೆನಿಸಿತು.

ಸಂಜೆ ಸ್ಪ್ರಿಂಗ್‌ಫೀಲ್ಡ್ ಲೇಕ್ಸಿಗೆ ಫೋನ್ ಮಾಡಿದೆ. ಅತ್ತೆಗೆ ಸುದ್ದಿ ಗೊತ್ತಿತ್ತು, ವಿವರ ಬೇಕಿತ್ತು. ಎಲ್ಲ ಹೇಳಿದೆ. ಎಷ್ಟು ಜನ ಬಂದಿದ್ದರು, ಯಾರು ಯಾರು ಮಾತಾಡಿದರು, ಆಂಟಿ ಹೇಗಿದ್ದಾರೆ. ಯಾರು ಏನೇನು ಅಡಿಗೆ ಮಾಡಿ ತಂದಿದ್ದರು ಎಂಬುದನ್ನೂ ಹೇಳಿದೆ.

"ಪಾಪ" ಎಂದರು ಅತ್ತೆ. ಆಮೇಲೆ, "ಎಲ್ಲಾರೂ ಒಳಗ್ ಹೋದ್ರಾ?"

"ಹೂಂ ಅತ್ತೆ. ಎಲ್ಲಾರೂ."

"ಬ್ಯಾಗ್ ಹತ್ರ ಯಾರ್ ಕೂತಿದ್ರು?"

"ಯಾರೂ ಇಲ್ಲ. ಕಾರಲ್ಲಿಟ್ಟು ಲಾಕ್ ಮಾಡ್ಬಿಟ್ವಿ."

ಅತ್ತ ಕಡೆ ವಾಕರ್ ನೆಲಕ್ಕೆ ತಾಕಿದ ಸದ್ದು ಕೇಳಿಸಿತು.

"ಹಂಗಾದ್ರೆ ಅವತ್ತು ಆ ಗೋಡೆ ಹತ್ರ ನಮ್ ಬಸ್ಸೂ ಎದುರಿಗೇ ನಿಂತಿತ್ತಲ್ಲೇ" ಎಂದರು.